ಅತ್ತೆಯ ನಾಲಿಗೆಗೆ ಬಾರದ ಅಕ್ಷರ

ನಮ್ಮ ಅತ್ತೆಗೆ ತಮಿಳಿನ ಒಂದು ಅಕ್ಷರ ಬರುವುದಿಲ್ಲ. ಮದುವೆಯಾಗಿ ಉಡುಪಿ ಕಡೆಯಿಂದ ಚೆನ್ನೈನ ತ್ರಿಪ್ಲಿಕೇನಿಗೆ ಬಂದು ನಲವತ್ತೆರಡು ವರ್ಷವಾಯಿತು. ತಮಿಳಿನಲ್ಲಿ ತರಕಾರಿಯವನ ಜೊತೆ ಜಗಳವಾಡುತ್ತಾರೆ, ಸಿಟ್ಟು ಬಂದರೆ ತಮಿಳಿನಲ್ಲೇ ದೇವರಿಗೂ ಬೈಯುತ್ತಾರೆ. ಆದರೆ ನಾಲಿಗೆಯನ್ನು ಹಿಂದಕ್ಕೆ ಮಡಚಿ ಹೇಳಬೇಕಾದ ಆ ಅಕ್ಷರ ಬಂತೆಂದರೆ ಎಡವುತ್ತಾರೆ. ಹಳೆಗನ್ನಡದಲ್ಲಿ ಅದು ನಮಗೂ ಇತ್ತಂತೆ, ನಾವು ಕೈಬಿಟ್ಟೆವು. ಈಗ ಅದರ ಜಾಗದಲ್ಲಿ 'ಳ' ಬರೆಯುತ್ತೇವೆ. ಚೆನ್ನೈನ ಅರ್ಧ ಜನ 'ಳ' ಎಂದೇ ಹೇಳಿ ಸುಖವಾಗಿದ್ದಾರೆ. ಅತ್ತೆಗೆ ಅಷ್ಟು ಸುಲಭದ್ದು ಒಪ್ಪಿಗೆಯಿಲ್ಲ. ಹೇಳಿದರೆ ಸರಿಯಾಗಿಯೇ ಹೇಳಬೇಕೆಂದು ನಾಲಿಗೆ ಮಡಚಲು ಹೊರಡುತ್ತಾರೆ, ಅರ್ಧದಲ್ಲಿ ಸುಸ್ತಾಗಿ 'ಲ' ಎಂದು ಇಳಿಸುತ್ತಾರೆ. ತಮಿಳಿನಲ್ಲಿ 'ವಳಿ' ಎಂದರೆ ದಾರಿ. ಅತ್ತೆ ಹೇಳುವುದು 'ವಲಿ'. ವಲಿ ಎಂದರೆ ನೋವು.

ಮಾವ ಮೆಸ್ಸು ನಡೆಸುತ್ತಿದ್ದ ಕಾಲದಲ್ಲಿ ಅತ್ತೆ ಕುದಿಯುವ ಸಾಂಬಾರಿನ ಪಾತ್ರೆ ಹಿಡಿದು ಊಟದವರ ನಡುವೆ ಬರುತ್ತಾ "ವಲಿ! ವಲಿ ವಿಡುಂಗೋ!" ಎಂದು ಕೂಗುತ್ತಿದ್ದರು. ದಾರಿ ಬಿಡಿ ಎಂದು ಅವರ ಅರ್ಥ. ಹೊಸ ಗಿರಾಕಿಗಳು, ಅಯ್ಯೋ ಅಮ್ಮನಿಗೆ ಎಲ್ಲೋ ನೋವು ಎಂದು ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದರು. ಹೇಗೂ ದಾರಿಯಾಗುತ್ತಿತ್ತು. ಹಾಗಾಗಿ ತಿದ್ದಿಕೊಳ್ಳುವ ಅಗತ್ಯ ಅವರಿಗೆ ಬೀಳಲೇ ಇಲ್ಲ.

ಇದು ಮನೆಯವರು ನಗುವ ವಿಷಯವಾಗಿಯೇ ಉಳಿಯಬೇಕಿತ್ತು. ಹೋದ ವರ್ಷ ಒಂದು ಸಂಜೆ ಇದೇ ಅಕ್ಷರ ಅವರನ್ನು ಇಂಗ್ಲೆಂಡಿನ ಮಂಜು ಮುಚ್ಚಿದ ಗುಡ್ಡವೊಂದರಲ್ಲಿ ಒಂಟಿಯಾಗಿ ಕೂರಿಸಿತು. ಪೂರ್ತಿ ತಪ್ಪನ್ನು ಅಕ್ಷರದ ಮೇಲೆ ಹೊರಿಸಲಾರೆ. ಅರ್ಧಕ್ಕಿಂತ ಹೆಚ್ಚು ನನ್ನದು.

ಮಾವ ಹೋದ ಮೇಲೆ ಮೆಸ್ಸು ಮುಚ್ಚಿತು. ಕೆಳಗೆ ಈಗ ಮೊಬೈಲ್ ಕವರ್ ಮಾರುವ ಅಂಗಡಿ. ಮೇಲೆ ನಾವು ನಾಲ್ವರು: ಅತ್ತೆ, ನಾನು, ನನ್ನ ಗಂಡ, ಹತ್ತನೇ ಕ್ಲಾಸಿನ ಮಗಳು. ಕೆಲಸವಿಲ್ಲದ ಅತ್ತೆ ಬೆಳಿಗ್ಗೆ ಮರೀನಾಕ್ಕೆ ನಡೆಯಲು ಹೋಗತೊಡಗಿದರು. ಅಲ್ಲಿ ಅವರಿಗೆ ಒಬ್ಬ ತಮಿಳು ಹೆಂಗಸಿನ ಪರಿಚಯವಾಯಿತು. ಐವತ್ತು ದಾಟಿದ ಹೆಂಗಸರನ್ನು ಮಾತ್ರ ಸೇರಿಸಿಕೊಂಡು ವರ್ಷಕ್ಕೊಮ್ಮೆ ಇಂಗ್ಲೆಂಡಿನ ಹಳ್ಳಿಗಾಡಿಗೆ ಕರೆದುಕೊಂಡು ಹೋಗುವವರು. ಬಸ್ಸಿನಲ್ಲಿ ಕೂತು ಅರಮನೆ ನೋಡುವ ಪ್ರವಾಸವಲ್ಲ. ಹತ್ತು ದಿನ, ದಿನಕ್ಕೆ ನಾಲ್ಕೈದು ಗಂಟೆ, ಹೊಲ ದಾಟಿ ಗುಡ್ಡ ಹತ್ತಿ ನಡೆಯುವುದೇ ಪ್ರವಾಸ. ನಮ್ಮ ಮನೆಯಲ್ಲಿ ಅವರಿಗೆ ಲೀಡರಮ್ಮ ಎಂದು ಹೆಸರಾಯಿತು.

ಆಕೆ ತೋರಿಸಿದ ಫೋಟೋ ನೋಡಿ ಬಂದ ದಿನವೇ ಅತ್ತೆ ಹೇಳಿದರು: "ಹುಲ್ಲು ನೋಡ್ಬೇಕು ಮಾರಾಯ್ತಿ ನೀನು. ಕಾಲಿಟ್ರೆ ಮುಳುಗುವಷ್ಟು ಉಂಟು. ನಲ್ವತ್ತೆರಡು ವರ್ಷ ನಾನು ನಡ್ದದ್ದು ಒಲೆಯಿಂದ ಎಲೆಗೆ, ಎಲೆಯಿಂದ ಒಲೆಗೆ. ಒಂದ್ಸಲ ಸುಮ್ಮನೆ ನಡಿಬೇಕು. ಯಾರಿಗೂ ಬಡಿಸ್ಲಿಕ್ಕೆ ಅಲ್ಲ."

ಪುರಸೈವಾಕ್ಕಂಗೆ ಹೋಗಿ ಬೂಟು ತಂದೆವು. ಸೀರೆಯ ಕೆಳಗೆ ಆ ದಪ್ಪ ಬೂಟು ಹಾಕಿಕೊಂಡು ಅತ್ತೆ ಮೂರು ತಿಂಗಳು ಮರೀನಾದ ಮರಳಿನಲ್ಲಿ ಅಭ್ಯಾಸ ಮಾಡಿದರು. ಸಂಜೆಯಾದರೆ ಬಲಗಾಲಿನ ಮಂಡಿ ಊದುತ್ತಿತ್ತು. ಏಳು ವರ್ಷದ ಹಳೆಯ ನೋವು ಅದು. ದಿನಾ ಎಣ್ಣೆ ಹಚ್ಚಿಕೊಂಡು ಗೋಡೆಯಾಚೆ ಮುಲುಗುವುದು ನಮಗೆಲ್ಲ ಕೇಳಿಸುತ್ತಿತ್ತು. ನೋವುಂಟಾ ಎಂದು ಕೇಳಿದರೆ ಮಾತ್ರ "ಇದ್ದದ್ದೇ" ಅನ್ನುತ್ತಿದ್ದರು. ಉಂಟು ಎಂದೂ ಹೇಳಿದವರಲ್ಲ, ಇಲ್ಲ ಎಂದೂ ಹೇಳಿದವರಲ್ಲ.

ಲೀಡರಮ್ಮ ಫೋನ್ ಮಾಡಿ ನನ್ನನ್ನೇ ಕೇಳಿದರು: "ಮಾಮಿಕ್ಕು ಮುಟ್ಟಿ ವಲಿ ಏದಾವದು ಇರುಕ್ಕಾ?" ಮಾಮಿಗೆ, ಅಂದರೆ ಅತ್ತೆಗೆ, ಮಂಡಿ ನೋವು ಏನಾದರೂ ಇದೆಯಾ ಎಂದು. ಎದುರಿಗೆ ಅತ್ತೆ ಎರಡೂ ಕೈಯಾಡಿಸಿ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದರು. ನಾನು ಸ್ವಲ್ಪವೂ ತಡವರಿಸದೆ, "ವಲಿಯಾ? ಒನ್ನುಮೇ ಇಲ್ಲೆ" ಎಂದೆ. ನೋವಾ? ಏನೂ ಇಲ್ಲ ಎಂದು. ಪ್ರವಾಸದ ಫಾರಂ ತುಂಬಿ, ನೋವಿನ ಎದುರು ಇಲ್ಲ ಎಂದು ಗೀಚಿದ್ದೂ ನಾನೇ.

ಅತ್ತೆಯ ಆಸೆಗಾಗಿ ಸುಳ್ಳು ಹೇಳಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜ ಬೇರೆ ಇದೆ. ಹದಿನೆಂಟು ವರ್ಷದಿಂದ ಒಲೆಯ ಮುಂದೆ ನನ್ನ ಬೆನ್ನ ಹಿಂದೆ ನಿಂತು, "ಸಾಸಿವೆ ಸಿಡಿಲಿಲ್ಲ, ಆಗ್ಲೇ ಸುರಿದಾಯ್ತಾ?" ಎಂದು ಕೇಳುವ ಧ್ವನಿ ಹತ್ತು ದಿನ ಇರುವುದಿಲ್ಲ ಎಂಬ ಆಸೆ ನನಗೆ ಅವರ ಹುಲ್ಲಿನ ಆಸೆಗಿಂತ ದೊಡ್ಡದಾಗಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಹತ್ತು ದಿನದ್ದಾದರೂ ಸರಿ, ಬರಲಿ ಎಂದುಕೊಂಡೆ.

ಹೋದರು. ಮನೆಯವರಿಗೆಂದು ಲೀಡರಮ್ಮ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ್ದರು. ದಿನಾ ಫೋಟೋ ಬರುತ್ತಿತ್ತು: ಕಲ್ಲು ಪೇರಿಸಿದ ಗೋಡೆ, ಕುರಿಗಳು, ಸಾಲಾಗಿ ಹನ್ನೊಂದು ಹೆಂಗಸರು, ಎಲ್ಲರ ಹಿಂದೆ ಆ ಊರಿನವಳೇ ಆದ ಬಿಳಿ ಗೈಡ್. ಮೊದಲ ದಿನದಿಂದಲೇ ನನ್ನ ನೆಮ್ಮದಿ ಹಾರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಅನ್ನುವ ಹಾಗೆ, ಫೋನು ಕಿಣಿ ಎಂದರೆ ಮಂಡಿ ವಿಷಯವೇ ಇರಬೇಕು ಎಂದು ಓಡಿ ಹೋಗಿ ಎತ್ತಿಕೊಳ್ಳುತ್ತಿದ್ದೆ. ಫೋಟೋ ದೊಡ್ಡದು ಮಾಡಿ ಅತ್ತೆ ಯಾವ ಕಾಲಿನ ಮೇಲೆ ಭಾರ ಹಾಕಿದ್ದಾರೆ ಎಂದು ನೋಡುತ್ತಿದ್ದೆ. ಮೂರನೇ ದಿನ ಎಡಗಾಲು. ನಾಲ್ಕನೇ ದಿನವೂ ಎಡಗಾಲು. ಐದನೇ ದಿನ ಕೈಯಲ್ಲಿ ಕೋಲು ಬಂದಿತ್ತು.

ಅತ್ತೆಯ ಧ್ವನಿ ಸಂದೇಶಗಳಲ್ಲಿ ಮಂಡಿಯ ಸುದ್ದಿಯೇ ಇರುತ್ತಿರಲಿಲ್ಲ. "ಬೇಲಿ ದಾಟ್ಲಿಕ್ಕೆ ಮರದ ಮೆಟ್ಲು ಮಾಡಿಟ್ಟಿದ್ದಾರೆ, ಮನುಷ್ಯರಿಗೆ ಮಾತ್ರ. ಕುರಿಗೆ ಹತ್ಲಿಕ್ಕೆ ಆಗುದಿಲ್ಲ." ಇನ್ನೊಂದು ದಿನ: "ಇವರದ್ದೊಂದು ರೂಲ್ ಕೇಳು. ಒಂದಕ್ಕೆ ಬಂದ್ರೆ ಗೋಡೆ ಮರೆಗೆ ಹೋಗುದು. ಹೋಗುವಾಗ ಬ್ಯಾಗನ್ನು ದಾರಿಯಲ್ಲೇ ಬಿಟ್ಟು ಹೋಗ್ಬೇಕಂತೆ! ಬ್ಯಾಗ್ ಕಂಡ್ರೆ ಹಿಂದಿನ ಗೈಡಿಗೆ ಯಾರೋ ಒಳಗೆ ಉಂಟು ಅಂತ ಗೊತ್ತಾಗುದಂತೆ. ತ್ರಿಪ್ಲಿಕೇನಲ್ಲಿ ರಸ್ತೆ ಮೇಲೆ ಬ್ಯಾಗ್ ಬಿಟ್ಟವಳು ಯಾರಾದ್ರೂ ಉಂಟಾ? ಪಾಸ್‌ಪೋರ್ಟ್ ಅದ್ರಲ್ಲೇ ಉಂಟು." ನಾನೂ ಮಗಳೂ ಅದನ್ನು ಎರಡು ಸಲ ಹಾಕಿ ಕೇಳಿ ನಕ್ಕೆವು. ನಗಬಾರದಿತ್ತು.

ಆರನೇ ದಿನ ಸಂಜೆ ಏಳೂವರೆ. ಅಲ್ಲಿ ಮಧ್ಯಾಹ್ನ ಮೂರು ಗಂಟೆ. ಮಗಳು ಮೇಜಿನ ಹತ್ತಿರ ಓದುತ್ತಿದ್ದಳು, ನಾನು ನೆಲದಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಗುಂಪಿಗೆ ಫೋಟೋ ಬಂತು. ಹಳ್ಳಿಯ ಒಂದು ಚಹಾದಂಗಡಿ, ಮೇಜಿನ ಸುತ್ತ ಹೆಂಗಸರು, ಹಿಂದೆ ಕಿಟಕಿಯ ಹೊರಗೆ ಏನೂ ಕಾಣದಂತೆ ಬಿಳಿ ಮಂಜು. ಎಣಿಸಿದೆ. ಹತ್ತು. ಮತ್ತೆ ಎಣಿಸಿದೆ. ಅತ್ತೆ ಇಲ್ಲ. "ಅತ್ತೆ ಎಲ್ಲಿ?" ಎಂದು ಮಗಳ ಕೈಯಿಂದ ತಮಿಳಿನಲ್ಲಿ ಬರೆಸಿದೆ. ಉತ್ತರ ಬಂತು, ಮಗಳು ಓದಿದಳು: "ಮಾಮಿ ಪಿನ್ನಾಡಿ ವರಾಂಗ. ಫೋನ್ ಪಣ್ಣಾಂಗ. ವಲಿ ಇಲ್ಲೆಯಾಂ. ಮೆದುವಾ ವರುವಾಂಗ." ಮಾಮಿ ಹಿಂದೆ ಬರುತ್ತಿದ್ದಾರೆ, ಫೋನ್ ಮಾಡಿದ್ದರು, ನೋವಿಲ್ಲವಂತೆ, ನಿಧಾನವಾಗಿ ಬರುತ್ತಾರೆ.

ನನಗೆ ಉಸಿರು ಬಂತು. ಅತ್ತೆ ನಮ್ಮ ಒಪ್ಪಂದದಂತೆ ಸುಳ್ಳು ಹೇಳಿ ನಿಭಾಯಿಸುತ್ತಿದ್ದಾರೆ ಎಂದುಕೊಂಡೆ. ಮತ್ತೆ ತುರಿಯತೊಡಗಿದೆ.

ನನ್ನ ಮಗಳಿಗೆ ಅಜ್ಜಿಯನ್ನು ಅಣಕಿಸುವುದೆಂದರೆ ಇಷ್ಟ. ಪುಸ್ತಕದಿಂದ ತಲೆಯೆತ್ತದೆ, ಮೂಗಿನಿಂದ ಎಳೆದು, ಥೇಟ್ ಅಜ್ಜಿಯ ಧ್ವನಿಯಲ್ಲಿ "ವಲಿ ಇಲ್ಲೆ, ವಲಿ ಇಲ್ಲೆ" ಎಂದಳು.

ನನ್ನ ಕೈ ನಿಂತಿತು. ಆ ಧ್ವನಿಯಲ್ಲಿ ಕೇಳಿದಾಗ ಅದು ನೋವಿನ ಮಾತೇ ಆಗಿರಲಿಲ್ಲ. ಅತ್ತೆಯ ಬಾಯಲ್ಲಿ ವಲಿ ಎಂದರೆ ದಾರಿ. ಸಾಂಬಾರಿನ ಪಾತ್ರೆ ಹಿಡಿದಾಗಲೂ ದಾರಿ, ತ್ರಿಪ್ಲಿಕೇನಿನ ತೇರಿನ ನೂಕುನುಗ್ಗಲಿನಲ್ಲೂ ದಾರಿ. ದಾರಿ ಇಲ್ಲ, ದಾರಿ ಇಲ್ಲ ಎಂದು ಮುದುಕಿ ಫೋನಿನಲ್ಲಿ ಕೂಗಿದ್ದಾರೆ; ಅತ್ತ ಕಡೆಯವರು ಸದ್ಯ ನೋವಿಲ್ಲವಲ್ಲ ಎಂದು ಚಹಾ ಕುಡಿಯುತ್ತಿದ್ದಾರೆ.

"ಅಜ್ಜಿ ದಾರಿ ತಪ್ಪಿದ್ದಾರೆ ಕಣೇ" ಎಂದೆ. ಮಗಳು ಪುಸ್ತಕ ಮುಚ್ಚಿ ಎದ್ದು ಬಂದಳು.

ಅತ್ತೆಗೆ ಫೋನ್ ಮಾಡಿದೆವು. ಹೋಗಲೇ ಇಲ್ಲ. ಇಡೀ ದಿನ ಕುರಿಗಳ ವಿಡಿಯೋ ಹಿಡಿದು ಚಾರ್ಜ್ ಮುಗಿಸಿರುತ್ತಾರೆ ಎಂದು ಗೊತ್ತಿತ್ತು. ಗಂಡನಿಗೆ ಮಾಡಿದೆ. ಅಂಬತ್ತೂರಿನ ಫ್ಯಾಕ್ಟರಿ, ಎರಡನೇ ಶಿಫ್ಟು, ಫೋನು ಹೊರಗಿನ ಲಾಕರಿನಲ್ಲಿ. ಉಳಿದದ್ದು ಲೀಡರಮ್ಮ ಒಬ್ಬರೇ. ಮೂರನೇ ಸಲಕ್ಕೆ ಎತ್ತಿದರು. ಹಿಂದೆ ಕಪ್ಪು ಬಸಿಗಳ ಸದ್ದು, ಹೆಂಗಸರ ನಗು.

ನಾನು ನನ್ನ ತಮಿಳಿನಲ್ಲಿ ಶುರುಮಾಡಿದೆ. ಅವರು ವಲಿ ಎಂದು ಹೇಳಿಲ್ಲ, ವಳಿ ಎಂದು ಹೇಳಿದ್ದು ಎನ್ನಲು ಹೋದೆ.

"ಆಮಾ, ವಲಿ ಇಲ್ಲೆನ್ನು ದಾನ್ ಸೊನ್ನಾಂಗ," ಎಂದರು ಆಕೆ. ಹೌದಲ್ಲ, ನೋವಿಲ್ಲ ಅಂತಲೇ ಹೇಳಿದ್ದು.

"ವಲಿ ಅಲ್ಲ, ವಲಿ!" ಎಂದು ಕಿರುಚಿದೆ. ಗಾಬರಿಗೆ ನನ್ನ ನಾಲಿಗೆಯೂ ಅತ್ತೆಯ ದಾರಿಯನ್ನೇ ಹಿಡಿದಿತ್ತು. ಹದಿನೆಂಟು ವರ್ಷ ಒಂದೇ ಅಡುಗೆಮನೆಯಲ್ಲಿದ್ದರೆ ಇನ್ನೇನಾಗುತ್ತದೆ! ಎಷ್ಟು ಸಲ ಹೇಳಿದರೂ ಬಾಯಿಯಿಂದ ಬಂದದ್ದು ನೋವು, ನೋವು, ನೋವು. ಆ ಕಡೆ ಲೀಡರಮ್ಮ, ಪಾಪ, ಇದೆಂಥ ಸೊಸೆ, ನೋವಿಲ್ಲ ಅಂದರೆ ಹೀಗೆ ಅಳುತ್ತಾಳಲ್ಲ ಎಂದುಕೊಂಡಿರಬೇಕು. ಅರ್ಧ ಗಂಟೆಯಲ್ಲಿ ಬರುತ್ತಾರೆ, ದಾರಿಯುದ್ದಕ್ಕೂ ಹಳದಿ ಬಾಣದ ಗುರುತಿದೆ, ಹೆದರಬೇಡಿ ಎಂದು ಸಮಾಧಾನ ಹೇಳತೊಡಗಿದರು.

ಮಗಳು ಫೋನ್ ಕಿತ್ತುಕೊಂಡಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆಂದು ದಿನಕ್ಕೆ ಹತ್ತು ಸಲ ನನ್ನಿಂದ ಬೈಸಿಕೊಳ್ಳುವ ಹುಡುಗಿ. ನಾಲಿಗೆಯನ್ನು ಲೀಲಾಜಾಲವಾಗಿ ಹಿಂದಕ್ಕೆ ಮಡಚಿ, ಶಾಲೆಯ ತಮಿಳು ಟೀಚರ್ ಕೇಳಿದರೆ ಬೆನ್ನು ತಟ್ಟುವ ಹಾಗೆ, ಆ ಅಕ್ಷರವನ್ನು ಬಿಡಿಸಿ ಹೇಳಿದಳು. ಅಜ್ಜಿಗೆ ಇದು ಬರುವುದಿಲ್ಲ ಆಂಟಿ, ದಾರಿಗೂ ವಲಿ ಎಂದೇ ಹೇಳುತ್ತಾರೆ, ಅಜ್ಜಿ ಹೇಳಿದ್ದು ದಾರಿ ಇಲ್ಲ ಎಂದು.

ಲೀಡರಮ್ಮ ಕೇಳಿದ್ದು ಸರಿಯಾದ ಪ್ರಶ್ನೆಯೇ. ಮಾಮಿಗೆ ಹೇಗೂ ನೋವಿಲ್ಲ, ಅದನ್ನೇ ಹೇಳಿರಬಹುದಲ್ಲ? ಅದೇ ಇರಲಾರದು ಎಂದು ನಿಮಗೆ ಹೇಗೆ ಗೊತ್ತು?

ಮಗಳು ಫೋನನ್ನು ನನ್ನ ಕಡೆ ಚಾಚಿದಳು. ಅವಳಿಗೂ ಗೊತ್ತಿತ್ತು, ಇದಕ್ಕೆ ಉತ್ತರ ನನ್ನ ಹತ್ತಿರ ಮಾತ್ರ ಇದೆ ಎಂದು. ಕೈಗೆ ಕಾಯಿತುರಿ ಮೆತ್ತಿತ್ತು. ಹೇಳಿದರೆ ಅತ್ತೆಯ ನಡಿಗೆ ಅಲ್ಲಿಗೇ ಮುಗಿಯಿತು, ನನ್ನ ಮರ್ಯಾದೆಯೂ. ಹೇಳದಿದ್ದರೆ ಇನ್ನೂ ಅರ್ಧ ಗಂಟೆ ಅವರು ಚಹಾ ಕುಡಿಯುತ್ತಾರೆ. ಅಷ್ಟರಲ್ಲಿ ಗುಡ್ಡದ ಮಂಜು ಇನ್ನೂ ದಟ್ಟವಾಗುತ್ತದೆ.

"ಅವಂಗಳುಕ್ಕು ವಲಿ ಇರುಕ್ಕು," ಎಂದೆ. ಅವರಿಗೆ ನೋವಿದೆ. ಏಳು ವರ್ಷದಿಂದ ಇದೆ, ಇಲ್ಲ ಎಂದು ಅವರು ಒಮ್ಮೆಯೂ ಹೇಳಿದವರಲ್ಲ. ಈ ಸಲ 'ಲ' ಸರಿಯಾಗಿಯೇ ಬಂತು. "ನಾನ್ ಪೊಯ್ ಸೊನ್ನೇನ್." ನಾನು ಸುಳ್ಳು ಹೇಳಿದೆ.

ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು, ಆ ಬಿಳಿ ಗೈಡನ್ನು ಕರೆದದ್ದು ಕೇಳಿಸಿತು, ಬಾಗಿಲು ತೆಗೆದಾಗ ಗಾಳಿ ನುಗ್ಗಿದ್ದೂ ಕೇಳಿಸಿತು. ಆಮೇಲೆ ಫೋನ್ ಕಟ್ಟಾಯಿತು.

ಮುಂದಿನ ಒಂದು ಗಂಟೆಯನ್ನು ನಾನು ಮರೆಯಲಾರೆ. ಮಗಳು ಅಜ್ಜಿಯ ಕುರ್ಚಿಯಲ್ಲಿ ಕಾಲು ಮಡಚಿಕೊಂಡು ಕೂತಳು. "ಸುಮ್ಮಾ ವಿಳೆಯಾಟ್ಟುಕ್ಕು ದಾನ್ ಪಣ್ಣೇನ್ ಅಮ್ಮಾ," ಎಂದಳು. ಸುಮ್ಮನೆ ಆಟಕ್ಕೆ ಅಣಕಿಸಿದ್ದು ಎಂದು. ನೀನು ಅಣಕಿಸದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ ಎಂದು ಹೇಳಬೇಕಿತ್ತು. ಆರು ದಿನ ಆ ಅಡುಗೆಮನೆಯಲ್ಲಿ ನಾನು ಹಾಡಿಕೊಂಡು ಕೆಲಸ ಮಾಡಿದ್ದೆ. ಸಾಸಿವೆಯನ್ನು ಬೇಕೆಂದೇ ಸಿಡಿಯಲು ಬಿಡದೆ ಸುರಿದಿದ್ದೆ. ಅತ್ತೆಗೆ ಏನಾದರೂ ಆದರೆ ಆ ಆರು ದಿನದ ಸುಖವನ್ನು ನಾನು ಸಾಯುವವರೆಗೆ ಹೊತ್ತುಕೊಂಡಿರಬೇಕಿತ್ತು. ಗಂಡನಿಗೆ ಏನು ಹೇಳುವುದು? ನಿಮ್ಮ ಅಮ್ಮ ಇಲ್ಲದ ಮನೆ ಬೇಕು ಅನಿಸಿತ್ತು, ಅದಕ್ಕೇ ಕಳಿಸಿದೆ ಎಂದೇ? ದೇವರ ಮುಂದೆ ನಿಂತೆ. ಯಾವ ಹರಕೆಯೂ ಬಾಯಿಗೆ ಬರಲಿಲ್ಲ. ಹಿಂದಿನಿಂದ ಯಾರಾದರೂ ದೀಪದ ಬತ್ತಿ ಸೊಟ್ಟಗಿದೆ ಎಂದು ಬೈದರೆ ಸಾಕು ಅನಿಸಿತ್ತು.

ಎಂಟೂ ನಲವತ್ತಕ್ಕೆ ಫೋನ್ ಬಂತು. "ಕಿಡೈಚ್ಚುಟ್ಟಾಂಗ," ಎಂದರು ಲೀಡರಮ್ಮ, ಏದುಸಿರಿನಲ್ಲಿ. ಸಿಕ್ಕಿದರು.

ನಡೆದದ್ದು ಇಷ್ಟು. ಅತ್ತೆ ಗೋಡೆಯ ಮರೆಗೆ ಹೋಗಿದ್ದರು, ಬ್ಯಾಗನ್ನು ಎದೆಗವಚಿಕೊಂಡೇ. ದಾರಿಯ ಮೇಲೆ ಬ್ಯಾಗು ಕಾಣದ ಗೈಡ್, ಮಾಮಿ ಮುಂದೆ ಹೋಗಿರಬೇಕೆಂದು ದಾಟಿ ಹೋದಳು. ಅತ್ತೆ ಹೊರಗೆ ಬಂದಾಗ ಮಂಜು ಇಳಿದಿತ್ತು. ಗೋಡೆಯ ತಪ್ಪು ಬದಿಯನ್ನು ಹಿಡಿದು ಯಾರದೋ ಹೊಲಕ್ಕೆ ಇಳಿದರು. ಅಲ್ಲಿ ದಾರಿಯೂ ಇಲ್ಲ, ಬಾಣವೂ ಇಲ್ಲ. ಅದನ್ನೇ ಫೋನಿನಲ್ಲಿ ಎರಡು ಸಲ ಕೂಗುವಷ್ಟರಲ್ಲಿ ಚಾರ್ಜ್ ಮುಗಿಯಿತು. ಕೊನೆಗೊಂದು ಬೇಲಿಯ ಮೆಟ್ಟಿಲು ಸಿಕ್ಕಿತು. ಎರಡನೇ ಹಲಗೆಗೆ ಮಂಡಿ ಕೈಕೊಟ್ಟಿತು. ಅಲ್ಲೇ ಕೂತರು. ಹುಡುಕಿಕೊಂಡು ಹೋದವರಿಗೆ ಮೊದಲು ಕಂಡದ್ದು ಏನೂ ಇಲ್ಲ, ಕೇಳಿಸಿದ್ದು ಮಾತ್ರ. ಮಂಜಿನೊಳಗಿನಿಂದ, ಮೆಸ್ಸಿನ ಹಳೆಯ ಗಂಟಲಿನಲ್ಲಿ, "ವಲಿ! ವಲಿ!" ದಾರಿ ಕೇಳುತ್ತಿದ್ದಾರೋ ನೋವೆನ್ನುತ್ತಿದ್ದಾರೋ ತಿಳಿಯಲಿಲ್ಲ, ಓಡಿದೆವು ಎಂದರು ಲೀಡರಮ್ಮ.

ಫೋನನ್ನು ಅತ್ತೆಗೆ ಕೊಟ್ಟರು. ನಾನು ಅಳಲು ತಯಾರಾಗಿದ್ದೆ.

"ಎಂತಕ್ಕೆ ಹೇಳಿದ್ದು ನೀನು?" ಎಂದರು ಅತ್ತೆ.

"ಅತ್ತೆ, ಹುಷಾರಿದ್ದೀರಾ?"

"ನಾಳೆಯಿಂದ ನಾನು ಸಾಮಾನಿನ ವ್ಯಾನಲ್ಲಿ ಕೂತ್ಕೊಂಡು ಬರ್ಬೇಕಂತೆ. ನಾಲ್ಕು ದಿನ ಬಾಕಿ ಉಂಟು, ಗೊತ್ತುಂಟಾ? ಎಲ್ಲ ನಿನ್ನಿಂದ."

ಸಂದೇಶಗಳು ಅಲ್ಲಿಗೆ ನಿಂತವು. ಉಳಿದ ನಾಲ್ಕು ದಿನದ ಫೋಟೋಗಳಲ್ಲಿ ಅತ್ತೆ ವ್ಯಾನಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಮನೆಗೆ ಬಂದ ಮೇಲೂ ವಾರದವರೆಗೆ ನನ್ನ ಹತ್ತಿರ ಬೇಕಾದಷ್ಟೇ ಮಾತು. ಲೀಡರಮ್ಮನಂತೂ ನನ್ನ ನಂಬರಿಗೆ ಮತ್ತೆ ಫೋನ್ ಮಾಡಿಲ್ಲ. ಅದು ನ್ಯಾಯವೇ.

ಒಂದು ಸಂಜೆ ಎಣ್ಣೆಯ ಬಾಟಲಿ ತೆಗೆದುಕೊಂಡು ನಾನೇ ಹೋಗಿ ಅವರ ಮಂಚದ ಕೆಳಗೆ ಕೂತೆ. ಹದಿನೆಂಟು ವರ್ಷದಲ್ಲಿ ಅದೇ ಮೊದಲು. ಅತ್ತೆ ಬೇಡ ಅನ್ನಲಿಲ್ಲ. ಬಲಗಾಲು ಚಾಚಿದರು. ಊತ ಇನ್ನೂ ಇಳಿದಿರಲಿಲ್ಲ.

"ನೋವುಂಟಾ?"

"ಉಂಟು" ಎಂದರು. ಇದ್ದದ್ದೇ ಅನ್ನಲಿಲ್ಲ.

ಮಂಡಿಗೆ ಎಣ್ಣೆ ತಿಕ್ಕತೊಡಗಿದೆ. ಕೆಳಗೆ ಬೀದಿಯಲ್ಲಿ ಆಟೋದವನೊಬ್ಬ ಯಾರಿಗೋ ದಾರಿ ಬಿಡೆಂದು ಕೂಗುತ್ತಿದ್ದ.

"ನೀನು ನನ್ನನ್ನು ಎಂತಕ್ಕೆ ಕಳ್ಸಿದ್ದು ಅಂತ ನಂಗೆ ಗೊತ್ತುಂಟು ಮಾರಾಯ್ತಿ," ಎಂದರು ಅತ್ತೆ. ನನ್ನ ಕೈ ನಿಂತಿತು. "ತಿಕ್ಕು, ತಿಕ್ಕು. ಆ ಆರು ದಿನ ಚೆನ್ನಾಗಿತ್ತಾ?"

ಸುಳ್ಳು ಹೇಳಿ ಪಟ್ಟ ಪಾಡು ಸಾಕಾಗಿತ್ತು. "ಹೌದು ಅತ್ತೆ, ಚೆನ್ನಾಗಿತ್ತು" ಎಂದೆ.

"ನಂಗೂ," ಎಂದರು ಅತ್ತೆ, ಇನ್ನೊಂದು ಕಾಲನ್ನೂ ಚಾಚಿದರು.